ಹಬ್ಬದ ಹಿಟ್ಟಿನ ಟ್ರಂಕು

ದೀಪಾವಳಿಗೆ ಇನ್ನು ಹದಿನೈದು ದಿನ ಇದೆ ಎನ್ನುವಾಗ ನನ್ನ ಹಳೆಯ ಹಾಸ್ಟೆಲ್ ಟ್ರಂಕು ಮಂಚದ ಕೆಳಗಿನಿಂದ ಹೊರಗೆ ಬರುತ್ತದೆ. ಬಿ.ಎ. ಓದುತ್ತಿದ್ದಾಗ ಅದರಲ್ಲಿ ಪುಸ್ತಕ, ಸೀರೆ, ಅಪ್ಪ ಬರೆದ ಕಾಗದಗಳು ಇರುತ್ತಿದ್ದವು. ಈಗ ಇರುವುದು ಮೈದಾ ಹಿಟ್ಟಿನ ಡಬ್ಬ, ಸಕ್ಕರೆ ಡಬ್ಬ, ಏಲಕ್ಕಿಯ ಪುಟ್ಟ ಭರಣಿ, ಒಂದು ಪಾವು, ಒಂದು ಜರಡಿ, ಹಿತ್ತಾಳೆಯ ಕುಟ್ಟಾಣಿ, ಒಗೆದು ಮಡಿಸಿದ ಎರಡು ಬಿಳಿ ಬಟ್ಟೆ. ಈ ಸಾಮಾನು ಅಡುಗೆಮನೆಗೆ ಹೋಗುವುದಿಲ್ಲ. ಅಡುಗೆಮನೆಯ ಒಂದು ಚಮಚವೂ ಇದರೊಳಗೆ ಬರುವುದಿಲ್ಲ.

ನನಗೆ ಕಡಲೆಕಾಯಿ ಸೇರುವುದಿಲ್ಲ. ರುಚಿಗೆ ಸೇರುವುದಿಲ್ಲ ಎಂದಲ್ಲ. ತಿಂದರೆ ಗಂಟಲು ಊದಿಕೊಂಡು ಉಸಿರು ಕಟ್ಟುತ್ತದೆ. ಎರಡು ಸಲ ಸಾಯುವಷ್ಟು ದೂರ ಹೋಗಿ ಬಂದಿದ್ದೇನೆ.

ಕಳೆದ ತಿಂಗಳು ನಾನು ಪಾಠ ಹೇಳುವ ಶಾಲೆಗೆ ಒಬ್ಬ ತಾಯಿ ಬಂದಿದ್ದಳು. ಜಗಲಿಯ ಮೂಲೆಗೆ ನನ್ನನ್ನು ಕರೆದು, "ಟೀಚರಮ್ಮ, ನಮ್ ಹುಡುಗಿ ಮೊಟ್ಟೆ ತಿಂದ್ರೆ ಮೈಯೆಲ್ಲ ದದ್ದು ಏಳತ್ತೆ, ಬಾಯಿ ಊದತ್ತೆ. ಮನೇಲಿ ಯಾರೂ ನಂಬಲ್ಲ. ಕಳ್ಳಾಟ ಅಂತ ಹೊಡೀತಾರೆ. ನಿಮಗೂ ಏನೋ ಇಂಥದ್ದೇ ಇದೆಯಂತಲ್ಲ?" ಎಂದು ಕೇಳಿದಳು. "ಡಾಕ್ಟರಿಗೆ ತೋರಿಸಿ" ಎಂದೆ. ಅದು ಉತ್ತರವಲ್ಲ ಎಂದು ಹೇಳುವಾಗಲೇ ಗೊತ್ತಿತ್ತು. ಇದನ್ನು ಆಕೆಗಾಗಿ ಬರೆಯುತ್ತಿದ್ದೇನೆ. ಹೀಗೆ ಮಾಡಿ ಎಂದು ಹೇಳಲು ಅಲ್ಲ. ನಾನು ಮಾಡಿದ್ದನ್ನು ಯಾರೂ ಮಾಡಬಾರದು.

ಡೈರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನಿಂದ ಇದೆ. ನೆನಪು ತನಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತದೆ, ಡೈರಿ ತಿದ್ದುವುದಿಲ್ಲ ಎಂದು ನಂಬಿದ್ದೆ. ಈ ವಾರ ಹಳೆಯ ಪುಸ್ತಕಗಳನ್ನು ತೆಗೆದು ಓದಿದಾಗ ಗೊತ್ತಾಯಿತು, ಡೈರಿ ಸುಳ್ಳು ಹೇಳುವುದಿಲ್ಲ ನಿಜ, ಆದರೆ ಹೇಳಬೇಕಾದ ಕಡೆ ಸುಮ್ಮನಿರುತ್ತದೆ.

ಮದುವೆಯಾಗಿ ಯಶವಂತಪುರಕ್ಕೆ ಬಂದಾಗ ನನಗೆ ಇಪ್ಪತ್ತೆರಡು. ತವರು ತುಮಕೂರು. ಗಂಡನ ಮನೆ ರೈಲ್ವೆ ಸ್ಟೇಷನ್ನಿನ ಹಿಂದಿನ ಹಳೆಯ ಊರಿನಲ್ಲಿ. ಅವರು ಕಾರ್ಖಾನೆಯಲ್ಲಿ ಗುಮಾಸ್ತರು. ಮಾವ ಇರಲಿಲ್ಲ. ಗೊರಗುಂಟೆಪಾಳ್ಯದ ಕಡೆ ಇದ್ದ ಹೊಲವನ್ನು ಅತ್ತೆಯೇ ನಿಂತು ಮಾಡಿಸುತ್ತಿದ್ದರು. ಅತ್ತೆಯ ಹೆಸರು ಮುನಿಯಮ್ಮ. ಎತ್ತರದ ಹೆಂಗಸು, ಸೊಂಟದಲ್ಲಿ ಸದಾ ಎಲೆಅಡಿಕೆಯ ಸಂಚಿ, ಕೆಂಪಾದ ತುಟಿ. ಯಾರ ಮೇಲಾದರೂ ಸಿಟ್ಟು ಬಂದರೆ ಮೊದಲು ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಮಡಿಸಿ ಬಾಯಿಗಿಟ್ಟುಕೊಂಡು, ಆಮೇಲೆ ಬಯ್ಯುವರು. ಅಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತಿತ್ತು.

ಹೊಲದಲ್ಲಿ ರಾಗಿಯ ಜೊತೆ ಕಡಲೆಕಾಯಿ ಬೆಳೆಯುತ್ತಿದ್ದರು. ದೀಪಾವಳಿಯ ಹೊತ್ತಿಗೆ ಅದನ್ನು ಕಿತ್ತು ತಂದು ಪಡಸಾಲೆಯಲ್ಲಿ ರಾಶಿ ಹಾಕುವುದು. ಮನೆಯ ಅಡುಗೆಯೆಲ್ಲ ಗಾಣದಲ್ಲಿ ಆಡಿಸಿದ ಕಡಲೆಕಾಯಿ ಎಣ್ಣೆಯಲ್ಲೇ. ತವರಿನಲ್ಲಿ ಹುಚ್ಚೆಳ್ಳೆಣ್ಣೆ ಬಳಸುತ್ತಿದ್ದೆವು. ಚಿಕ್ಕಂದಿನಲ್ಲಿ ಕಡಲೆಕಾಯಿ ತಿಂದಾಗ ನನ್ನ ನಾಲಿಗೆ ಕಡಿದಿತ್ತಂತೆ, ಅಮ್ಮ ಪಿತ್ತ ಎಂದು ಅದನ್ನು ಕೊಡುವುದನ್ನೇ ನಿಲ್ಲಿಸಿದ್ದಳಂತೆ. ನನಗೆ ಅದು ನೆನಪಿಲ್ಲ. ಮದುವೆಯಾದ ಮೊದಲ ತಿಂಗಳುಗಳಲ್ಲಿ ದಿನಾ ಹೊಟ್ಟೆನೋವು, ತುರಿಕೆ. ನೀರು ಬದಲಾಯಿತಲ್ಲ ಎಂದರು. ನಾನೂ ಹಾಗೆಯೇ ಅಂದುಕೊಂಡೆ.

ಮೊದಲ ದೀಪಾವಳಿ ಕಳೆದ ವಾರ ಅತ್ತೆ ಹಸಿ ಕಡಲೆಕಾಯಿ ಬೇಯಿಸಿ, ಬಿಸಿಬಿಸಿ ಮಡಿಲಲ್ಲಿ ತುಂಬಿಕೊಂಡು ನನ್ನ ಪಕ್ಕ ಕೂತರು. "ತಿನ್ನವ್ವ, ನಮ್ ವಲದ್ದು" ಎಂದು ಬಿಡಿಸಿ ಬಿಡಿಸಿ ಕೊಟ್ಟರು. ಹೊಸ ಸೊಸೆ, ಬೇಡ ಎನ್ನಲಾರದೆ ತಿಂದೆ. ಮೊದಲು ಅಂಗೈ ಕಡಿಯಿತು. ಆಮೇಲೆ ಕಿವಿಯೊಳಗೆ, ತುಟಿಯಲ್ಲಿ. ಕಣ್ಣು ಮುಚ್ಚಿಕೊಳ್ಳುವಷ್ಟು ಮುಖ ಊದಿತು. ಉಸಿರು ಎಳೆದುಕೊಂಡರೆ ಕೊಳಲಿನ ತೂತಿನಲ್ಲಿ ಎಳೆದಷ್ಟೇ ಬರುತ್ತಿತ್ತು.

ಜಟಕಾದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿಯ ಉದ್ದನೆಯ ಬೆಂಚು ನೆನಪಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸರು ನನ್ನ ಮುಖ ನೋಡಿ ಮಕ್ಕಳನ್ನು ಎಳೆದುಕೊಂಡು ಆ ತುದಿಗೆ ಸರಿದರು. ಒಬ್ಬ ಆಯಾ ಮಾತ್ರ ಹತ್ತಿರ ಬಂದು, ನನ್ನ ಕೈಬಳೆಗಳು ಊತಕ್ಕೆ ಬಿಗಿಯುತ್ತಿರುವುದನ್ನು ನೋಡಿ, ಸೋಪು ನೀರು ಹಚ್ಚಿ ಒಂದೊಂದಾಗಿ ಕಳಚಿ ನಮ್ಮವರ ಕೈಗೆ ಕೊಟ್ಟಳು. ಬಳೆ ತೆಗೆಯಬೇಡ ಎಂದು ಅತ್ತೆ ಕೂಗುತ್ತಿದ್ದರು. "ಕೈ ಇದ್ರೆ ಬಳೆ ಕಣಜ್ಜಿ" ಎಂದಳು ಆ ಆಯಾ. ಅವಳ ಹೆಸರನ್ನು ನಾನು ಕೇಳಲಿಲ್ಲ. ಸೂಜಿಮದ್ದು ಕೊಟ್ಟ ಮೇಲೆ ಡಾಕ್ಟರು ಒಂದು ಚೀಟಿ ಬರೆದು, ಇದು ಅಲರ್ಜಿ, ಇನ್ನು ಈ ಜನ್ಮದಲ್ಲಿ ಕಡಲೆಕಾಯಿ ಮುಟ್ಟಬಾರದು, ಎಣ್ಣೆಯೂ ಬೇಡ ಎಂದರು. ಆ ಚೀಟಿ ಇನ್ನೂ ಡೈರಿಯಲ್ಲಿದೆ.

"ಅಂಗಂದ್ರೆ ಏನಪ್ಪ ಅದು?" ಎಂದು ಅತ್ತೆ ದಾರಿಯಲ್ಲಿ ಮಗನನ್ನು ಕೇಳಿದರು.

"ಕಡ್ಲೆಕಾಯಿ ಇವಳ ಮೈಗೆ ವಿಷ ಅಂತವ್ವ."

ಅತ್ತೆ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಸವರಿದರು. ಮನೆ ಹತ್ತಿರ ಬಂದಾಗ, "ನಮ್ ವಲದ್ ಕಾಯಿ ತಿಂದು ಇವತ್ತಿನ್ ಗಂಟ ಯಾರೂ ಸತ್ತಿಲ್ಲ" ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಅವಮಾನವಿತ್ತು. ಗಂಡ ಸತ್ತ ಮೇಲೆ ಒಬ್ಬರೇ ಉಳಿಸಿಕೊಂಡ ಹೊಲ ಅದು. ಅದರ ಬೆಳೆಯನ್ನು ಸೊಸೆಯ ಡಾಕ್ಟರು ವಿಷ ಎಂದಿದ್ದರು. ಆ ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನನಗೆ ದೃಷ್ಟಿಯಾಗಿದೆ ಎಂಬ ತೀರ್ಮಾನ ಅವರಿಗೂ ನೆಮ್ಮದಿ ಕೊಟ್ಟಿತು, ಕಡಲೆಕಾಯಿಗೂ ಮರ್ಯಾದೆ ಉಳಿಯಿತು.

ಪಕ್ಕದ ಮನೆಯ ಪುಟ್ಟತಾಯಿ ನನ್ನನ್ನು ನೋಡಲು ಬಂದವಳು, "ಇದು ಬಿ.ಎ. ಮಾಡ್ದೋರ್ಗೆ ಬರೋ ಕಾಯ್ಲೆ ಕಣಕ್ಕ. ನಮ್ಮಂಥೋರ್ ಮನೇಗ್ ಬರಕ್ಕೆ ಅದ್ಕೂ ನಾಚ್ಕೆ" ಎಂದಳು. ಎಲ್ಲರೂ ನಕ್ಕರು. ನಮ್ಮವರೂ ನಕ್ಕರು. ನಾನೂ ನಕ್ಕೆ ಎಂದು ಡೈರಿಯಲ್ಲಿ ಬರೆದಿದ್ದೇನೆ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ರಾಗಿಮುದ್ದೆಯ ಜೊತೆ ಬಡಿಸಿದ ಚಟ್ನಿ ತಿಂದ ಕೂಡಲೇ ತುಟಿ ಉರಿಯಿತು. ಉಗುಳಿದೆ. ವಾಂತಿಯಾಯಿತು, ಮೈಯೆಲ್ಲ ದದ್ದು ಎದ್ದಿತು, ಹೆಚ್ಚಿಗೆ ಏನೂ ಆಗಲಿಲ್ಲ. ಚಟ್ನಿಗೆ ಎರಡು ಬೀಜ ಯಾರು ಹಾಕಿದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಪುಟ್ಟತಾಯಿ ಆ ದಿನ ನಮ್ಮ ಒರಳಿನ ಮುಂದೆ ಕೂತಿದ್ದಳು. ಅತ್ತೆಯೂ ಇದ್ದರು. ನಿಜವೋ ಸುಳ್ಳೋ ನೋಡೋಣ ಎಂದು ಯಾರೋ ನೋಡಿದ್ದರು. ನೋಡಿದವರು ನಂಬಿದರೋ ಇಲ್ಲವೋ, ಬಾಯಿ ಬಿಡಲಿಲ್ಲ.

ಆ ವಾರವೇ ನಾನು ಸುಳ್ಳು ಹೇಳಿದೆ.

ಅತ್ತೆ ಕಾಳು ಕೇರುತ್ತಿದ್ದರು. ಎದುರಿಗೆ ಕೂತು, "ಅತ್ತೆ, ಡಾಕ್ಟರ್ ಮಾತು ಇರಲಿ. ನಾನೊಂದು ಹರಕೆ ಹೊತ್ತಿದ್ದೀನಿ. ನಮ್ಮ ತವರಿನ ಬೆಟ್ಟದ ದೇವರಿಗೆ. ಕಡಲೆಕಾಯಿ ಬಿಟ್ಟಿದ್ದೀನಿ" ಎಂದೆ.

ಅವರ ಕೈಯಲ್ಲಿದ್ದ ಮೊರ ನಿಂತಿತು. "ಅಯ್ಯೋ ಮಂಕೆ! ಮೊದ್ಲೇ ಏಳ್ಬಾರ್ದಾ? ನಾನೇ ಕೈಯಾರೆ ತಿನ್ಸಿದ್ನಲ್ಲ. ಅದ್ಕೇ ಅಂಗಾಯ್ತು! ಏನಕ್ಕೆ ವೊತ್ಕೊಂಡೆ?"

ಅದನ್ನು ನಾನು ಯೋಚಿಸಿರಲಿಲ್ಲ. ಮದುವೆಯಾದ ಹೆಣ್ಣನ್ನು ಯಾರೂ ಮುಂದಕ್ಕೆ ಪ್ರಶ್ನೆ ಕೇಳದಂತೆ ಮಾಡುವ ಉತ್ತರ ಯಾವುದೋ ಅದು ಬಾಯಿಗೆ ಬಂತು. "ಒಂದು ಮಗು ಆಗಲಿ ಅಂತ" ಎಂದೆ.

ಅತ್ತೆ ಎದ್ದು ಒರಳು ತೊಳೆದರು. ಬಾಣಲೆ ಬೂದಿ ಹಾಕಿ ಉಜ್ಜಿದರು. ನನ್ನ ಅಡುಗೆಗೆ ಬೇರೆ ಮಡಕೆ ಬಂತು, ಹುಚ್ಚೆಳ್ಳೆಣ್ಣೆ ಬಂತು. ಡಾಕ್ಟರ ಚೀಟಿ ಎರಡು ತಿಂಗಳಲ್ಲಿ ಮಾಡಿಸಲಾಗದ್ದನ್ನು ನನ್ನ ಒಂದು ಸುಳ್ಳು ಒಂದು ಗಂಟೆಯಲ್ಲಿ ಮಾಡಿಸಿತು. ನನ್ನ ಪ್ರಾಣಕ್ಕಾಗಿ ತೊಳೆಯದ ಒರಳನ್ನು ದೇವರಿಗಾಗಿ ತೊಳೆದರು. ಆವತ್ತಿನ ಡೈರಿಯಲ್ಲಿ ಇದನ್ನು ಜಾಣತನ ಎಂಬಂತೆ ಬರೆದಿದ್ದೇನೆ. ನಮ್ಮವರಿಗೆ ಹೇಳಿದಾಗ, "ಹೋಗ್ಲಿ ಬಿಡು ಸರೋಜ, ಹೇಗೋ ನಡೀತಿದೆಯಲ್ಲ" ಎಂದು ಪೇಪರ್ ಬಿಡಿಸಿಕೊಂಡರು.

ಹರಕೆಗೂ ತೊಡಕಿತ್ತು. ಒಮ್ಮೆ ಅತ್ತೆ ಒಗ್ಗರಣೆ ಅವಲಕ್ಕಿಯಿಂದ ಬೀಜ ಆರಿಸಿ ಪಕ್ಕಕ್ಕೆ ಹಾಕಿ, "ತಿನ್ನು, ಒಂದೂ ಉಳೀದಂಗೆ ತೆಗ್ದಿದ್ದೀನಿ" ಎಂದು ಕೊಟ್ಟರು. ಹರಕೆಯ ಲೆಕ್ಕಕ್ಕೆ ಅಷ್ಟು ಸಾಕು, ಬಾಯಿಗೆ ಹೋಗದಿದ್ದರೆ ಆಯಿತು. ಆಗ ನಾನು ಸುಳ್ಳಿಗೆ ಇನ್ನೊಂದು ಸುಳ್ಳು ಸೇರಿಸಿದೆ: ಸೋಂಕೂ ತಾಗಬಾರದು ಎಂದು ಹರಕೆ. ಅತ್ತೆ ಗಲ್ಲದ ಮೇಲೆ ಕೈಯಿಟ್ಟುಕೊಂಡು, "ಯಾವ್ ಕಠಿಣದ ದೇವ್ರವ್ವ ನಿಮ್ದು" ಎಂದರು. ಅವರ ಕಣ್ಣಲ್ಲಿ ನನ್ನ ಬೆಲೆ ಹೆಚ್ಚಾಯಿತು.

ಟ್ರಂಕು ಬಂದದ್ದು ಎರಡನೆಯ ದೀಪಾವಳಿಗೆ. ಹಬ್ಬಕ್ಕೆ ಮನೆಯಲ್ಲಿ ಕಜ್ಜಾಯ ಮಾಡುತ್ತಿದ್ದರು, ಕಡಲೆಕಾಯಿ ಎಣ್ಣೆಯಲ್ಲಿ. ಬಂದ ನೆಂಟರೆಲ್ಲ ತಿನ್ನುವಾಗ ನಾನು ತಟ್ಟೆ ಹಿಡಿದು ಓಡಾಡಬೇಕಿತ್ತು. ಆ ವರ್ಷ ನಮ್ಮವರು ಒಂದು ದಾರಿ ಹೇಳಿದರು. ಮತ್ತಿಕೆರೆಗೆ ಹೋಗುವ ರಸ್ತೆಯಲ್ಲಿ ಕರೀಂ ಸಾಬರ ಬೇಕರಿ ಇತ್ತು. ನಾವೇ ಹಿಟ್ಟು, ಸಕ್ಕರೆ, ಬೆಣ್ಣೆ ತೆಗೆದುಕೊಂಡು ಹೋದರೆ ಅಲ್ಲೇ ಕಲಸಿ, ಬಿಸ್ಕತ್ತು ಮಾಡಿ, ಸೌದೆ ಒಲೆಯಲ್ಲಿ ಬೇಯಿಸಿ ಕೊಡುತ್ತಿದ್ದರು. ಎಣ್ಣೆಯಿಲ್ಲ, ಬಾಣಲೆಯಿಲ್ಲ. ಬೆಣ್ಣೆ ಮನೆಯ ಎಮ್ಮೆಯದು.

ಆದರೆ ಸಾಮಾನು ಕೂಡಿಸುವುದು ಸುಲಭವಿರಲಿಲ್ಲ. ಅಂಗಡಿಯಲ್ಲಿ ಕಡಲೆಕಾಯಿ ಬೀಜದ ಮೂಟೆಯೊಳಗಿದ್ದ ಪಾವನ್ನೇ ತೆಗೆದು ಮೈದಾ ಅಳೆಯುತ್ತಿದ್ದರು. ಹೊಸ ಮೂಟೆ ಬಿಚ್ಚುವ ದಿನ ಕೇಳಿಕೊಂಡು, ನನ್ನ ಪಾವು ಹಿಡಿದು ಹೋಗಿ, ಮೊದಲ ಅಳತೆ ತರುತ್ತಿದ್ದೆ. ಪಡಿತರದ ಸಕ್ಕರೆಯನ್ನು ಹರಡಿ ಕಾಳು ಕಾಳಾಗಿ ನೋಡುತ್ತಿದ್ದೆ. ಏಲಕ್ಕಿಯನ್ನು ಮನೆಯ ಒರಳಿಗೆ ಹಾಕುವಂತಿಲ್ಲ, ಅದಕ್ಕೆ ತವರಿನಿಂದ ಕುಟ್ಟಾಣಿ ತಂದೆ. ಇಡಲು ಅಡುಗೆಮನೆಯಲ್ಲಿ ಜಾಗವಿರಲಿಲ್ಲ. ಪುಸ್ತಕಗಳನ್ನು ಅಟ್ಟಕ್ಕೆ ಹಾಕಿ ಟ್ರಂಕು ಖಾಲಿ ಮಾಡಿದೆ. ಮೊದಲ ವರ್ಷದ ಬಿಸ್ಕತ್ತಿಗೆ ನುಸಿಗುಳಿಗೆಯ ವಾಸನೆ ಹತ್ತಿತ್ತು. "ನಿಮ್ ದೇವ್ರು ಇದ್ನ ಎಂಗ್ ತಿಂತಾನೋ" ಎಂದು ಅತ್ತೆ ಮೂಗು ಮುಚ್ಚಿಕೊಂಡು ಒಂದು ತಿಂದರು. ಆದರೆ ಸ್ನಾನ ಮಾಡದೆ ಆ ಟ್ರಂಕನ್ನು ಅವರು ಒಂದು ದಿನವೂ ಮುಟ್ಟಲಿಲ್ಲ, ಬೇರೆಯವರನ್ನು ಮುಟ್ಟಲು ಬಿಡಲಿಲ್ಲ.

ಬೇಕರಿಯಲ್ಲಿ ನಾನು ತಟ್ಟೆಗಳನ್ನು ನೋಡಬೇಕು ಎಂದೆ. ಬೇಯಿಸುವ ತಗಡಿನ ತಟ್ಟೆಗೆ ಅಂಟದಿರಲಿ ಎಂದು ಏನು ಸವರುತ್ತೀರಿ ಎಂದು ಕೇಳಿದೆ. ಕಡಲೆಕಾಯಿ ಎಣ್ಣೆ ಎಂದರು ಕರೀಂ ಸಾಬರು. ಬಿಳಿ ಗಡ್ಡ, ಹಿಟ್ಟು ಮೆತ್ತಿದ ಮುಂಗೈ. ಹರಕೆಯ ಕತೆ ಹೇಳಿದೆ. ಅವರು ನನ್ನನ್ನೇ ನೋಡಿದರು.

"ಹರಕೆ ಮಾಡ್ದೋರು ಬಾಯಿಗೆ ಏನ್ ಹೋಗತ್ತೆ ಅಂತ ನೋಡ್ತಾರಮ್ಮ. ನೀವು ತಟ್ಟೆ ಅಂಚು ಉಗುರಲ್ಲಿ ಕೆರೆದು ನೋಡ್ತಿದೀರ. ನಿಜ ಹೇಳಿ, ತಿಂದ್ರೆ ಏನಾಗತ್ತೆ ನಿಮಗೆ?"

ಮದುವೆಯಾಗಿ ವರ್ಷವಾಗಿತ್ತು. ಏನಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ನಾನು ಅಲ್ಲೇ ಸೌದೆಯ ರಾಶಿಯ ಪಕ್ಕ ನಿಂತು ಎಲ್ಲವನ್ನೂ ಹೇಳಿದೆ. ಅವರ ತಂಗಿಗೆ ಸಿಗಡಿ ತಿಂದರೆ ಹೀಗೇ ಆಗುತ್ತಿತ್ತಂತೆ. ಅವಳು ಬದುಕಲಿಲ್ಲವಂತೆ. ಆ ವರ್ಷದಿಂದ ನಮ್ಮ ಬಿಸ್ಕತ್ತು ಬೆಳಗಿನ ಮೊದಲ ಒಲೆಗೆ. ತಟ್ಟೆಗಳನ್ನು ಖಾಲಿ ಒಲೆಯಲ್ಲಿ ಕಾಯಿಸಿ, ಉಜ್ಜಿ, ನಮ್ಮದೇ ಬೆಣ್ಣೆ ಸವರುತ್ತಿದ್ದರು.

ಮೂರು ವರ್ಷದ ಮೇಲೆ ಮಗಳು ಶಾಂತ ಹುಟ್ಟಿದಳು.

ಹರಕೆ ಎಂದರೆ ಕೊನೆಯಿರುವ ಮಾತು. ಕೇಳಿದ್ದು ಸಿಕ್ಕಿದರೆ ದೇವರ ಮುಂದೆ ಹೋಗಿ ತೀರಿಸಬೇಕು, ಬಿಟ್ಟ ಪದಾರ್ಥವನ್ನು ಮತ್ತೆ ತಿನ್ನಲು ಶುರು ಮಾಡಬೇಕು. ಮಗು ಎಂದು ಬಾಯಿಬಿಟ್ಟಾಗ ನಾನು ಇದನ್ನು ಯೋಚಿಸಲಿಲ್ಲವೇ? ಬಿ.ಎ.ಯಲ್ಲಿ ತರ್ಕಶಾಸ್ತ್ರ ಓದಿದವಳು. ಹೆರಿಗೆಯಾದ ತಿಂಗಳಿಂದಲೇ ಅತ್ತೆ, "ಬೆಟ್ಟಕ್ ಯಾವಾಗ ಓಗದು?" ಎಂದು ಕೇಳತೊಡಗಿದರು. ಮಗುವಿಗೆ ವರ್ಷ ತುಂಬಲಿ ಎಂದೆ. ತುಂಬಿತು. ಶಾಲೆಗೆ ರಜೆ ಇಲ್ಲ ಎಂದೆ. ರಜೆ ಬಂತು. ಮಗುವಿಗೆ ಕೆಮ್ಮು ಎಂದೆ.

ಶಾಂತಳಿಗೆ ಎರಡು ನಡೆಯುತ್ತಿದ್ದ ವರ್ಷದ ದೀಪಾವಳಿಯ ಹಿಂದಿನ ದಿನ. ಸಂಜೆ ನಾಲ್ಕೂವರೆಗೆ ಶಾಲೆಯಿಂದ ಬಂದೆ. ಆ ಸಲ ಬಿಸ್ಕತ್ತು ಮಾಡಿಸಿಕೊಂಡು ಬರುತ್ತೇನೆಂದು ಅತ್ತೆಯೇ ಬೇಕರಿಗೆ ಹೋಗಿದ್ದರು. ಹಿಂದಿನ ಸಂಜೆ ನಾನೇ ಡಬ್ಬಗಳನ್ನು ತುಂಬಿ ಕಟ್ಟಿಟ್ಟಿದ್ದೆ. ಬಿಸ್ಕತ್ತಿನ ಡಬ್ಬ ಹಿಡಿದು ಬಾಗಿಲಲ್ಲೇ ನಿಂತಿದ್ದರು, ಹಬ್ಬದ ಮಗುವಿನ ಹಾಗೆ.

"ತಗೋ, ತಿನ್ನು. ಒಂದ್ ಗುಟ್ಟೈತೆ. ತಿಂದ್ಮೇಲೆ ಏಳ್ತೀನಿ."

ಹಸಿವಾಗಿತ್ತು. ಟ್ರಂಕಿನ ಡಬ್ಬ, ನನ್ನದೇ ಹಿಟ್ಟು. ಒಂದನ್ನು ಪೂರ್ತಿ ತಿಂದೆ. ಏಲಕ್ಕಿಯ ಹಿಂದೆ ಬೇರೊಂದು ಘಮ. "ಏನತ್ತೆ ಇದು, ಏನೋ ಬೇರೆ ಹಾಕಿದೀರ?"

"ನಿನ್ ಅರ್ಕೆ ತೀರ್ಸ್ಕೊಂಡ್ ಬಂದೆ ಕಣವ್ವ! ಓದ್ ಸೋಮ್ವಾರ, ನೀನು ಇಸ್ಕೂಲಿಗೆ ಓದಾಗ, ಬಸ್ಸತ್ಕೊಂಡು ನಿಮ್ ಬೆಟ್ಟಕ್ ಓಗಿದ್ದೆ. ಪೂಜೆ ಮಾಡ್ಸಿ, ನಮ್ ವಲದ್ ಕಾಯಿ ದೇವ್ರ ಮುಂದಿಟ್ಟು ತಂದೆ. ಅದ್ನೇ ಉರ್ದು ಪುಡಿ ಮಾಡಿ ಬಿಸ್ಕತ್ತಿಗೆ ಕಲ್ಸಿಸ್ದೆ. ಏಸ್ ವರ್ಷಾಯ್ತು ನೀನು ಬಾಯ್ ಕಟ್ಕೊಂಡು!"

ಆ ಕ್ಷಣ ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ನೆನಪಿನಿಂದ ಬರೆಯುತ್ತಿದ್ದೇನೆ. ಇದೊಂದನ್ನು ನನ್ನ ನೆನಪು ತಿದ್ದಿದೆ ಎಂದು ಅನಿಸುವುದಿಲ್ಲ. ಅವರು ನನ್ನನ್ನು ಪ್ರೀತಿಸುತ್ತಿದ್ದರು.

ಆಮೇಲಿನದು ನನ್ನದಲ್ಲ. ಜಟಕಾ ಬಂದದ್ದು, ಪುಟ್ಟತಾಯಿ ನನ್ನ ತಲೆ ಹಿಡಿದುಕೊಂಡದ್ದು, ರೈಲ್ವೆ ಗೇಟು ಹಾಕಿದ್ದು, ಗೂಡ್ಸ್ ಗಾಡಿಯೊಂದು ಮುಗಿಯದ ಹಾಗೆ ಹೋಗುತ್ತಲೇ ಇದ್ದದ್ದು, ಅತ್ತೆ ಗೇಟಿನವನ ಕಾಲು ಹಿಡಿದದ್ದು, ಇವೆಲ್ಲ ನಾನು ಕೇಳಿ ಪಡೆದ ನೆನಪುಗಳು. ಈಗ ಕಣ್ಣು ಮುಚ್ಚಿದರೆ ಆ ಗೂಡ್ಸ್ ಗಾಡಿ ಕಾಣುತ್ತದೆ. ನಾನು ಅದನ್ನು ನೋಡಿರಲು ಸಾಧ್ಯವಿಲ್ಲ. ನನ್ನ ಕಣ್ಣು ಮುಚ್ಚಿಹೋಗಿತ್ತು.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಒಬ್ಬ ಎಳೆ ವಯಸ್ಸಿನ ಡಾಕ್ಟರು ನನ್ನ ಮೇಲೆ ರೇಗಿದರು. "ಮೊದಲೊಂದು ಸಲ ಆಗಿದೆ ಅಂತೀರ. ಮನೆಯವರಿಗೆ ಸರಿಯಾಗಿ ಹೇಳಿಲ್ವೇನ್ರೀ?" ಹೇಳಿದ್ದೇನೆ ಎಂದು ತಲೆಯಾಡಿಸಿದೆ. ಹೇಳಿದ್ದೇನೆ ಎಂದೇ ಇಷ್ಟು ವರ್ಷ ನಂಬಿದ್ದೆ. ಈ ವಾರ ಡೈರಿಯಲ್ಲಿ ಹುಡುಕಿದೆ. ಮೊದಲ ಆಸ್ಪತ್ರೆಯ ಮರುದಿನ ಒಂದು ಸಾಲು ಇದೆ: "ಅತ್ತೆಯವರನ್ನು ಕೂರಿಸಿಕೊಂಡು ನಿಧಾನವಾಗಿ ತಿಳಿಸಿ ಹೇಳಬೇಕು." ಹೇಳಿದೆ ಎಂಬ ಸಾಲು ಮುಂದಿನ ಯಾವ ಪುಟದಲ್ಲೂ ಇಲ್ಲ. ಜಟಕಾದಲ್ಲಿ ಅವರ ಮಗ ಹೇಳಿದ ಆ ಒಂದು ವಾಕ್ಯ ಬಿಟ್ಟರೆ ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಹಳ್ಳಿಯ ಹೆಂಗಸಿಗೆ ಅರ್ಥವಾಗುವುದಿಲ್ಲ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಅವರು ನಂಬಲಿಲ್ಲ ಎಂದು ದೂರುವ ಹಕ್ಕು ನನಗೆ ಎಷ್ಟಿದೆಯೋ ತಿಳಿಯದು.

ಮನೆಗೆ ಬಂದ ಮೇಲೆ ಕರೀಂ ಸಾಬರು ಬಾಗಿಲ ತನಕ ಬಂದರು, ಒಳಗೆ ಬರಲಿಲ್ಲ. "ಪುಡಿ ನೋಡಿ ನಾನು ಕೇಳ್ದೆ ಅಮ್ಮ, ಇದು ಅವರಿಗೆ ಆಗಲ್ವಲ್ಲ ಅಂತ. ಹರಕೆ ತೀರ್ತು ಕಣಪ್ಪ ಅಂದ್ರು. ಕಾಯಿಲೆ ಅಂತ ಬಾಯಿಗೆ ಬಂತು. ಮನೇಲಿ ಯಾರಿಗೂ ಹೇಳ್ಬೇಡಿ ಅಂದಿದ್ರಲ್ಲ ನೀವು. ನುಂಗ್ಕೊಂಡೆ. ನುಂಗ್ಬಾರ್ದಿತ್ತು."

ಹಾಗೆ ಹೇಳಿದ್ದೆನೇ? ಹೇಳಿರಬೇಕು. ಸೌದೆಯ ರಾಶಿ ನೆನಪಿದೆ, ಆ ಮಾತು ನೆನಪಿಲ್ಲ. ಮನೆಯ ಹೊರಗೆ ನಿಜ ಗೊತ್ತಿದ್ದ ಒಬ್ಬನೇ ಮನುಷ್ಯನ ಬಾಯನ್ನೂ ನಾನೇ ಕಟ್ಟಿದ್ದೆ.

ಅತ್ತೆಗೆ ಎಲ್ಲವೂ ಬೇರೆಯಾಗಿ ಅರ್ಥವಾಗಿತ್ತು. "ನೀನ್ ವೊತ್ತ ಅರ್ಕೆ ನಾನ್ ತೀರ್ಸಿದ್ದು ದೇವ್ರಿಗೆ ಒಪ್ಗೆ ಆಗ್ಲಿಲ್ಲ. ಅದ್ಕೇ ನಿನ್ ಮೇಲೆ ಬಂದ" ಎಂದರು. ನನಗೆ ಎಚ್ಚರ ಬರುವ ಮೊದಲು, ಆಸ್ಪತ್ರೆಯ ಜಗಲಿಯಲ್ಲಿ ಅವರು ತಮ್ಮದೊಂದು ಹರಕೆ ಹೊತ್ತಿದ್ದರು. ಸೊಸೆ ಕಣ್ಣು ಬಿಟ್ಟರೆ ಎಲೆಅಡಿಕೆ ಬಿಟ್ಟೆ, ಸಾಯುವ ತನಕ. ಸಂಚಿಯನ್ನು ಅಲ್ಲೇ ಪುಟ್ಟತಾಯಿಗೆ ಕೊಟ್ಟುಬಿಟ್ಟಿದ್ದರು. ಅದಾದ ಮೇಲೆ ಮನೆಗೆ ಕಡಲೆಕಾಯಿ ಬರಲಿಲ್ಲ. ಹೊಲದಲ್ಲಿ ಅದನ್ನು ಬಿತ್ತಲೂ ಇಲ್ಲ, ಆ ಜಾಗಕ್ಕೆ ಅವರೆಕಾಯಿ ಹಾಕಿಸಿದರು. ಪ್ರತಿ ಕಾರ್ತಿಕದಲ್ಲಿ ತಪ್ಪುಕಾಣಿಕೆ ಎಂದು ಬರಿಗಾಲಲ್ಲಿ ಆ ಬೆಟ್ಟ ಹತ್ತಿ ಬರುತ್ತಿದ್ದರು. ಸಿಟ್ಟು ಬಂದಾಗ ಅವರ ಕೈ ಸೊಂಟಕ್ಕೆ ಹೋಗಿ, ಏನೂ ಸಿಗದೆ, ಸೆರಗು ಸರಿಮಾಡಿಕೊಂಡು ವಾಪಸು ಬರುತ್ತದೆ. ಈಗ ಅವರು ಬಯ್ಯುವುದೂ ಕಡಿಮೆ.

ನಾನು ಸುಮ್ಮನಿದ್ದೆ. ಸುಖವಾಗಿದ್ದೆ ಎಂದೂ ಹೇಳಬೇಕು. ನನ್ನಷ್ಟು ಕಾವಲಿನಲ್ಲಿ ಊಟ ಮಾಡುವವರು ಈ ಊರಿನಲ್ಲಿ ಇನ್ನಾರೂ ಇರಲಾರರು.

ಈ ವರ್ಷ ಅತ್ತೆಯ ಮಂಡಿ ಊದಿದೆ. ನಡುಮನೆಯಿಂದ ಹಿತ್ತಲಿಗೆ ಹೋಗಲು ಗೋಡೆ ಹಿಡಿಯುತ್ತಾರೆ. ಆದರೂ ಹಬ್ಬ ಕಳೆದ ಮೇಲೆ ಬೆಟ್ಟ ಹತ್ತುತ್ತೇನೆಂದು ಹಟ. ನಮ್ಮವರು ಬೈದರು, ಕೇಳಲಿಲ್ಲ. ಶಾಲೆಗೆ ಆ ತಾಯಿ ಬಂದು ಹೋಗಿದ್ದಳಲ್ಲ, ಅವಳ ಮಾತೂ ತಲೆಯಲ್ಲಿ ಕೊರೆಯುತ್ತಿತ್ತು. ಭಾನುವಾರ ಮಧ್ಯಾಹ್ನ ಇಬ್ಬರೂ ಟ್ರಂಕು ಬಿಚ್ಚಿ ಕೂತಿದ್ದೆವು. ಅತ್ತೆ ಒಣಗಿದ ಡಬ್ಬಗಳನ್ನು ಬಟ್ಟೆಯಲ್ಲಿ ಒರೆಸುತ್ತಿದ್ದರು. ಹೇಳಿಬಿಟ್ಟೆ. ಹರಕೆ ಇರಲೇ ಇಲ್ಲ. ಯಾವ ದೇವರಿಗೂ ಸಿಟ್ಟಿಲ್ಲ. ಅದು ನನ್ನ ಮೈಯ ಕಾಯಿಲೆ. ನೀವು ಬೆಟ್ಟ ಹತ್ತಬೇಕಿಲ್ಲ, ಎಲೆಅಡಿಕೆ ಹಾಕಿಕೊಳ್ಳಿ.

ಅವರಿಗೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ನನ್ನ ವಿದ್ಯೆ ಅಷ್ಟೇ.

ಅತ್ತೆ ಕೈಯಲ್ಲಿದ್ದ ಡಬ್ಬವನ್ನು ಕೆಳಗಿಟ್ಟರು. "ಅಂಗಾರೆ ಅದು ದೇವ್ರಲ್ಲ?"

"ಅಲ್ಲ ಅತ್ತೆ."

"ನಾನ್ ಉರ್ದು ಕುಟ್ಟಾಕಿದ್ ಪುಡಿ."

ಅವರು ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು.

"ಅಂಗಾರೆ ನಾನೇ."

ಅದು ಪ್ರಶ್ನೆಯಾಗಿರಲಿಲ್ಲ. ನೀವಲ್ಲ, ಸುಳ್ಳು ಹೇಳಿದವಳು ನಾನು ಎಂದೆ. ಅಂದೆನೆಂದು ನೆನಪು. ಆ ದಿನದ ಡೈರಿಯಲ್ಲಿ ಇರುವುದು ಒಂದೇ ಸಾಲು: "ಅತ್ತೆಯವರು ಊಟ ಮಾಡಲಿಲ್ಲ." ಟ್ರಂಕಿನ ಮುಂದಿನಿಂದ ಎದ್ದು ಹೋಗುವ ಮುಂಚೆ ಅವರು ಇನ್ನೊಂದು ಮಾತು ಹೇಳಿದರು. "ಎಲೆಅಡ್ಕೆ ಇಕ್ಕೊಳಲ್ಲ. ನಿಂದು ಸುಳ್ಳಿರ್ಬೋದು. ನಂದು ಸುಳ್ಳಲ್ಲ."

ಮೂರು ದಿನ ನನ್ನ ಜೊತೆ ಮಾತಿರಲಿಲ್ಲ. ಮೊಮ್ಮಗಳ ಮೂಲಕ ಹೇಳಿ ಕಳಿಸುವರು. ನಾನು ಅವರಿಂದ ದೇವರ ಸಿಟ್ಟನ್ನು ಕಿತ್ತುಕೊಂಡೆ, ಅದರ ಜಾಗಕ್ಕೆ ಅವರ ಕೈಯನ್ನೇ ಇಟ್ಟೆ. ದೇವರ ಸಿಟ್ಟಿಗೆ ಒಂದು ಬೆಟ್ಟವಿತ್ತು, ಹತ್ತಿ ಬರಬಹುದಿತ್ತು. ಇದಕ್ಕೆ ಏನು ಹತ್ತುತ್ತಾರೆ?

ನಾಲ್ಕನೆಯ ದಿನ ಬೆಳಗ್ಗೆ ಎದ್ದು ನೋಡಿದರೆ ಅತ್ತೆ ಬಾವಿಕಟ್ಟೆಯಲ್ಲಿ ಕೂತು, ಊದಿದ ಕಾಲು ಚಾಚಿಕೊಂಡು, ತೊಳೆದಿದ್ದ ಡಬ್ಬಗಳನ್ನು ಮತ್ತೆ ತೊಳೆಯುತ್ತಿದ್ದರು. ಬೂದಿ ಹಾಕಿ, ಬಿಸಿನೀರು ಹುಯ್ದು, ಮುಚ್ಚಳದ ಸಂದಿಯನ್ನು ಕಡ್ಡಿಯಲ್ಲಿ ಕೆರೆದು. ಕರೀಂ ಸಾಬರ ಮುಂದೆ ನಾನು ತಟ್ಟೆ ಕೆರೆದ ಹಾಗೆಯೇ. ಹರಕೆಗೆ ತೊಳೆಯುವಾಗ ಅವರು ಎಂದೂ ಮುಚ್ಚಳದ ಸಂದಿ ನೋಡಿದವರಲ್ಲ.

"ಬಾ ಓಗನ" ಎಂದರು ನನ್ನ ಮುಖ ನೋಡದೆ. "ಮೊದ್ಲ್ ಒಲೆ ತಪ್ಪೋಯ್ತದೆ."

ಹಿಟ್ಟಿನ ಡಬ್ಬ ಅವರ ಸೊಂಟದಲ್ಲಿ, ಬೆಣ್ಣೆ ನನ್ನ ಕೈಯಲ್ಲಿ. ನಿಧಾನವಾಗಿ ಹೊರಟೆವು. ಪುಟ್ಟತಾಯಿ ಬಾಗಿಲಿಗೆ ನೀರು ಹಾಕುತ್ತಿದ್ದಳು. ತಂಬಿಗೆ ಹಿಡಿದುಕೊಂಡೇ ನಕ್ಕಳು.

"ಏನ್ ಮುನಿಯಮ್ಮಕ್ಕ, ಮಗೀಗೆ ಲಂಗ ಆಕೋ ವಯಸ್ಸಾಯ್ತು, ನಿನ್ ಸೊಸೆ ಅರ್ಕೆ ಇನ್ನೂ ತೀರ್ಲಿಲ್ವಾ?"

ಅತ್ತೆಯ ಕೈ ಸಂಚಿ ಇರುತ್ತಿದ್ದ ಜಾಗಕ್ಕೆ ಹೋಯಿತು, ಏನೂ ಸಿಗಲಿಲ್ಲ, ಮತ್ತೆ ಡಬ್ಬದ ಮೇಲೆ ಬಂದು ಕೂತಿತು.

"ಇಲ್ಲ ಕಣೆ ಪುಟ್ತಾಯಿ" ಎಂದರು. "ಇದು ತೀರೋ ಅರ್ಕೆ ಅಲ್ಲ."